ದಣಿದ ಮನಕ್ಕೆ ಮರುಚೈತನ್ಯ

ದುಡಿದ ದೇಹಕ್ಕೆ ವಿಶ್ರಾಂತಿ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ದಿನವಿಡೀ ಉತ್ತು ಬಂದ ಎತ್ತಿನ ನೊಗ ಕಳಚಿ, ಮೈ ತಿಕ್ಕಿ, ಮೇವು ನೀರು ಕೊಡುವ ಒಕ್ಕಲಿಗನು ಅದನ್ನು ಸೋಮಾರಿಯೆಂದು ಜರೆಯುವುದಿಲ್ಲ. ಆದರೆ ಮನಸ್ಸು ದಣಿದಾಗ ಮಾತ್ರ ಈ ವಿವೇಕ ನಮಗೆ ಮರೆತುಹೋಗುತ್ತದೆ. ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕೆಂದು ಸುತ್ತಲಿನವರು ಉಪದೇಶಿಸುತ್ತಾರೆ; ತನ್ನಲ್ಲಿ ಸತ್ತ್ವವೇ ಇಲ್ಲವೆಂದು ದಣಿದವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬತ್ತಿದ ಅಂತರಂಗದ ಬಲವನ್ನು ಮರಳಿ ಪಡೆಯಲು ಇನ್ನೊಬ್ಬರ ನೆರವನ್ನು ಬಯಸುವುದು ಆತ್ಮಬಲದ ಸೋಲೇ? ಕಾಯಕವನ್ನು ಬಾಳಿನ ಉಸಿರೆಂದು ಬಗೆದ ಗೃಹಸ್ಥರು ಅವಶ್ಯವಾಗಿ ಆಲೋಚಿಸಬೇಕಾದ ಪ್ರಶ್ನೆಯಿದು.

ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳೋಣ. ಆಕೆಯ ಅತ್ತೆಯವರು ಪಾರ್ಶ್ವವಾಯುವಿನಿಂದ ಆರು ವರ್ಷ ಹಾಸಿಗೆ ಹಿಡಿದಿದ್ದರು. ಊಟ ಮಾಡಿಸುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ನಡುರಾತ್ರಿಯಲ್ಲಿ ಎದ್ದು ಮಗ್ಗುಲು ಹೊರಳಿಸುವುದು, ಎಲ್ಲವನ್ನೂ ಆಕೆ ಒಬ್ಬಳೇ ಮಾಡಿದಳು. ಅತ್ತೆಯವರು ಲಿಂಗೈಕ್ಯರಾದ ಮೇಲೆ ಊರವರೆಲ್ಲ ಆಕೆಯ ಸೇವೆಯನ್ನು ಕೊಂಡಾಡಿದರು. ಆದರೆ ಇನ್ನು ವಿಶ್ರಾಂತಿಯ ಕಾಲ ಬಂದಿತೆನ್ನುವಾಗಲೇ ಆಕೆಗೆ ಒಲೆ ಹಚ್ಚುವುದೂ ಬೆಟ್ಟವಾಯಿತು. ಮಕ್ಕಳ ಮಾತು ಕಿವಿಗೆ ಬೀಳುವುದು, ಮನಕ್ಕೆ ತಾಗದು. ಪೂಜೆಗೆ ಕುಳಿತರೆ ಕೈ ತನ್ನ ಪಾಡಿಗೆ ಆಡುವುದು, ಭಾವ ಹುಟ್ಟದು. ಇದೆಲ್ಲದರ ಕೆಳಗೆ ಯಾರಿಗೂ ಹೇಳದ ಒಂದು ಮುಳ್ಳು ಅಡಗಿದೆ: ಒಂದು ರಾತ್ರಿ, ನಿದ್ದೆಗೆಟ್ಟು ನಿಂತಾಗ, ಇದೊಮ್ಮೆ ಮುಗಿಯಬಾರದೇ ಎಂದು ಆಕೆಗೆ ಅನಿಸಿತ್ತು.

ಇಂಥ ಬಳಲಿಕೆ ನಿಷ್ಠೆಯಿಲ್ಲದವರಿಗೆ ಬರುವಂಥದೆಂಬುದು ತಪ್ಪು ತಿಳಿವಳಿಕೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು ಉಚಿತ ಚಿಕಿತ್ಸಾಲಯವೊಂದರ ಸೇವಕರನ್ನು ಕಂಡು ೧೯೭೪ರಲ್ಲಿ ಬರೆದ ಲೇಖನದಲ್ಲಿ, ಅತ್ಯಂತ ಶ್ರದ್ಧೆಯಿಂದ ದುಡಿಯುವವರೇ ಹೀಗೆ ಒಳಗೊಳಗೆ ಉರಿದು ಬರಿದಾಗುತ್ತಾರೆಂದು ತೋರಿಸಿದರು. ದೀಪ ಆರುವುದು ಬತ್ತಿಯ ದೋಷದಿಂದಲ್ಲ, ಎಣ್ಣೆ ತೀರಿದುದರಿಂದ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ವಿಕಾರ ಮೊದಲಾದುವೂ ಇದೇ ಬಗೆಯ ನಿಶ್ಶಕ್ತಿಯನ್ನು ತರಬಲ್ಲವು. ಖಿನ್ನತೆಯೆಂಬ ರೋಗವೂ ಇದ್ದೀತು. ಆದುದರಿಂದ ಮೊದಲು ವೈದ್ಯರಿಗೆ ತೋರಿಸುವುದು ವಿಹಿತ.

ಹಾಗಾದರೆ ಮನೋಚಿಕಿತ್ಸೆಯಲ್ಲಿ ನಡೆಯುವುದೇನು? ಅದು ಮಂತ್ರವಲ್ಲ, ಬರಿಯ ಸಾಂತ್ವನವೂ ಅಲ್ಲ. ತರಬೇತಿ ಪಡೆದ ಚಿಕಿತ್ಸಕರೊಡನೆ, ಸಾಮಾನ್ಯವಾಗಿ ವಾರಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ ಕುಳಿತು ಮಾಡುವ ಮಾತುಕತೆ ಅದು. ಉತ್ಸಾಹ ಮೊದಲು ಬರಬೇಕು, ಆಮೇಲೆ ಕೆಲಸ ಎಂದು ನಾವು ನಂಬಿದ್ದೇವೆ. ಅಮೆರಿಕದ ಪೀಟರ್ ಲೆವಿನ್‌ಸನ್ ಮೊದಲಾದವರು ೧೯೭೦ರ ದಶಕದಲ್ಲಿ ಈ ಕ್ರಮವನ್ನು ತಿರುಗುಮುರುಗಾಗಿಸಿ ನೋಡಿದರು. ಕುಗ್ಗಿದವನು ಜನರಿಂದಲೂ ಕೆಲಸದಿಂದಲೂ ಹಿಂದೆ ಸರಿಯುತ್ತಾನೆ. ಸರಿದಷ್ಟೂ ಬಾಳಿನ ಸಣ್ಣಪುಟ್ಟ ಸಂತೋಷಗಳು ದೂರವಾಗುತ್ತವೆ. ಅವು ದೂರವಾದಷ್ಟೂ ಆತನು ಇನ್ನಷ್ಟು ಕುಗ್ಗುತ್ತಾನೆ. ಈ ಸುಳಿಯನ್ನು ಮುರಿಯಲು ಮನಸ್ಸು ಬರುವ ತನಕ ಕಾಯಬಾರದು; ಚಿಕ್ಕದೊಂದು ಕ್ರಿಯೆಯಿಂದ ಮನಸ್ಸನ್ನು ಹಿಂದಕ್ಕೆ ಕರೆಯಬೇಕು.

ನಮ್ಮ ಗೃಹಿಣಿ ಚಿಕಿತ್ಸಕರಲ್ಲಿಗೆ ಹೋದಳೆನ್ನೋಣ. ಯಾವ ಹೊತ್ತಿನಲ್ಲಿ ಏನು ಮಾಡಿದಳು, ಆಗ ಮನಸ್ಸು ಹೇಗಿತ್ತು ಎಂಬುದನ್ನು ಅವರು ಮೊದಲ ವಾರ ಬರೆದಿಡಲು ಹೇಳುತ್ತಾರೆ. ಹಿತ್ತಲಿನ ಗಿಡಗಳ ಬಳಿ ನಿಂತಾಗ ಭಾರ ಕೊಂಚ ಇಳಿಯಿತೆಂದು ಆ ಬರಹದಿಂದಲೇ ತಿಳಿಯುತ್ತದೆ. ಇನ್ನು ದಿನಾಲು ಬೆಳಿಗ್ಗೆ ಏಳಕ್ಕೆ ಗಿಡಗಳಿಗೆ ಎರಡು ಕೊಡ ನೀರು ಹಾಕಬೇಕು. ಮನಸ್ಸು ಬಂದರೆ ಎಂದಲ್ಲ, ಏಳು ಹೊಡೆದರೆ ಎಂದು. ಆಗಲಿಲ್ಲವೇ? ಗದರಿಕೆಯಿಲ್ಲ, ಎರಡು ಕೊಡ ಒಂದಾಗುತ್ತದೆ. ಇದು ಹುಡುಗಾಟಿಕೆಯೆನಿಸೀತು. ಆದರೆ ನಮ್ಮ ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಇದೇ ತತ್ತ್ವದ ಮೇಲೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆಯನ್ನು ನಡೆಸಿದಾಗ, ತೀವ್ರ ಖಿನ್ನತೆಯಿದ್ದವರಲ್ಲಿ ರೂಢಿಯ ಆರೈಕೆ ಮಾತ್ರ ಪಡೆದವರಿಗಿಂತ ಹೆಚ್ಚು ಮಂದಿ ಚೇತರಿಸಿಕೊಂಡರೆಂಬುದು ೨೦೧೭ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿದೆ.

ಕೆಲವು ವಾರಗಳ ತರುವಾಯ ಆ ಮುಳ್ಳು ಹೊರಬೀಳುತ್ತದೆ. "ನಾನು ಪಾಪಿ, ಅವರ ಸಾವನ್ನು ಬಯಸಿದೆ" ಎನ್ನುತ್ತಾಳೆ. ಚಿಕಿತ್ಸಕರು ಪಾಪಪುಣ್ಯದ ತೀರ್ಪು ಕೊಡುವುದಿಲ್ಲ. "ಆ ಯೋಚನೆ ಬಂದ ಗಳಿಗೆಯಲ್ಲಿ ನಿಮ್ಮ ಕೈ ಏನು ಮಾಡುತ್ತಿತ್ತು?" ಎಂದು ಕೇಳುತ್ತಾರೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅವರ ಮಗ್ಗುಲು ಹೊರಳಿಸುತ್ತಿದ್ದೆ" ಎನ್ನುತ್ತಾಳೆ. ದಣಿವು ಆಡಿದ ಮಾತು ಒಂದು, ಆಕೆಯ ಸಂಕಲ್ಪ ನಡೆಸಿದ ನಡೆ ಇನ್ನೊಂದು. ಮನದಲ್ಲಿ ಹಾದುಹೋದುದೆಲ್ಲ ನಮ್ಮ ಶೀಲವಲ್ಲ. ಯಾವುದಕ್ಕೆ ನಾವು ಕೈಜೋಡಿಸಿದೆವೋ ಅದು ನಮ್ಮ ಶೀಲ. ಈ ವಿವೇಕವನ್ನು ಹೊರಗಿನವರು ಉಪದೇಶಿಸಿದ್ದರೆ ಸಮಾಧಾನದ ಮಾತಾಗಿ ಉಳಿಯುತ್ತಿತ್ತು; ತಾನೇ ಕಂಡುಕೊಂಡುದರಿಂದ ಬಲವಾಯಿತು.

ಶರಣರ ಬಾಳಿನಲ್ಲಿಯೂ ಇದಕ್ಕೊಂದು ಸಾದೃಶ್ಯವಿದೆ. ಅನುಭಾವದ ಮಾತಿನಲ್ಲಿ ಮಾರಯ್ಯನು ಕಾಯಕವನ್ನು ಮರೆತಾಗ ಲಕ್ಕಮ್ಮನು ಅವನನ್ನು ಎಚ್ಚರಿಸಿ ಕಳುಹಿದಳು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಲ್ಲಿಯೇ ಸುರಿದು ಬಾ ಎಂದು ತಿರುಗಿಸಿದಳು. ನಿಂತವನನ್ನು ನಡೆಸಿದವಳೂ ಆಕೆಯೇ, ಮಿತಿ ಮೀರಿದವನನ್ನು ತಡೆದವಳೂ ಆಕೆಯೇ. ಅಷ್ಟು ದೊಡ್ಡ ಶರಣನಿಗೂ ತನ್ನ ನಡೆಯನ್ನು ತೂಗಿ ನೋಡುವ ಇನ್ನೊಂದು ಕಣ್ಣು ಬೇಕಾಯಿತು. ಅದನ್ನು ಯಾರೂ ಆತನ ಸೋಲೆಂದು ಎಣಿಸಿಲ್ಲ.

ಮನೆಯ ಮಾತನ್ನು ಪರರಿಗೆ ಹೇಳಬಹುದೇ ಎಂಬ ಸಂಕೋಚ ಸಹಜವೇ. ಆದರೆ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆ ಪಡೆಯುವವರ ವಿಷಯ ಗುಟ್ಟಾಗಿರಬೇಕೆಂಬುದನ್ನು ಹಕ್ಕನ್ನಾಗಿ ಮಾಡಿದೆ. ಪೂಜೆ ಪ್ರಾರ್ಥನೆಗಳಿಗೂ ಚಿಕಿತ್ಸೆಗೂ ವೈರವಿಲ್ಲ. ಜ್ವರಕ್ಕೆ ಔಷಧ ಕುಡಿದವನ ಭಕ್ತಿ ಕುಂದೀತೇ? ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ೨೦೨೨ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನಿಸುವ ಯೋಚನೆ ಬಂದರಂತೂ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪರರ ಸೇವೆಯಲ್ಲಿ ತನ್ನನ್ನು ಸವೆಸಿಕೊಂಡವರು ತಾವೂ ಸೇವೆಗೆ ಅರ್ಹರೆಂಬುದನ್ನು ಒಪ್ಪಿಕೊಳ್ಳುವುದೇ ಚೇತರಿಕೆಯ ಮೊದಲ ಮೆಟ್ಟಿಲು. ಜೀವದಯೆಯಲ್ಲಿ ತನ್ನ ಜೀವವೂ ಸೇರಿದೆ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಆಸರೆಯಾಗಿ ನಿಂತು, ಈಗ ಮಾತು ಕಡಮೆಯಾದವರು ಇದ್ದಾರೆಯೇ? ಅವರಿಗೆ ಧೈರ್ಯದ ಉಪದೇಶ ಬೇಡ. ಈ ದಿನ ಅವರ ಬಳಿ ಕುಳಿತು, ದಣಿದಿರಾ ಎಂದು ಕೇಳಿರಿ; ಬೇಕೆಂದರೆ ಚಿಕಿತ್ಸಕರ ಬಾಗಿಲವರೆಗೆ ಜೊತೆಗೆ ಹೋಗಿರಿ.