ಅರಸದೆ ಕಂಡ ವ್ಯಾಧಿ

ರೋಗವು ನೋವಿನ ಮೂಲಕವೇ ತನ್ನನ್ನು ತಿಳಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಇಂದು ರೋಗಿಗೆ ತಿಳಿಯದ ರೋಗ ಯಂತ್ರಕ್ಕೆ ತಿಳಿಯುತ್ತದೆ. ಹೀಗೆ ಅರಸದೆ ಕಣ್ಣಿಗೆ ಬಿದ್ದ ವ್ಯಾಧಿಯನ್ನು ಕಂಡೊಡನೆ ಚಿಕಿತ್ಸಿಸುವುದು ಕರ್ತವ್ಯವೇ? ಚಿಕಿತ್ಸಿಸದಿರುವುದು ದೋಷವೇ? ಇದು ವೈದ್ಯರ ಪ್ರಶ್ನೆ ಮಾತ್ರವಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಒಪ್ಪಿಗೆ ನೀಡುವ ಶ್ರಾವಕ ಬಂಧುಗಳ ಪ್ರಶ್ನೆಯೂ ಆಗಿದೆ.

ಉದಾಹರಣೆಗಾಗಿ ಕಲಬುರಗಿಯ ಬ್ರಹ್ಮಪುರದ ಇಬ್ಬರು ಹಿರಿಯರನ್ನು ಭಾವಿಸಿಕೊಳ್ಳೋಣ. ಒಬ್ಬರಿಗೆ ಕ್ಯಾನ್ಸರ್ ಇದೆ. ಅದು ಎಷ್ಟು ಹರಡಿದೆಯೆಂದು ನೋಡಲು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಇನ್ನೊಬ್ಬರು ಎಕ್ಸ್‌ರೇಯಲ್ಲಿ ಕಂಡ ಸಣ್ಣ ಮಚ್ಚೆಯೊಂದನ್ನು ಪರಿಶೀಲಿಸಲು ಅದೇ ಸ್ಕ್ಯಾನ್ ಮಾಡಿಸಿದರು, ಮಚ್ಚೆ ನಿರಪಾಯಕಾರಿಯಾಗಿತ್ತು. ಆದರೆ ಇಬ್ಬರ ಶ್ವಾಸಕೋಶದ ರಕ್ತನಾಳದಲ್ಲಿಯೂ ಯಾರೂ ನಿರೀಕ್ಷಿಸದ ರಕ್ತದ ಗರಣೆ ಕಂಡಿತು. ಮೊದಲನೆಯವರಲ್ಲಿ ಅದು ದೊಡ್ಡ ಶಾಖೆಯಲ್ಲಿ. ಎರಡನೆಯವರಲ್ಲಿ ತುದಿಯ ಒಂದು ಕಿರುಶಾಖೆಯಲ್ಲಿ. ಇಬ್ಬರಿಗೂ ಏದುಸಿರಿಲ್ಲ, ಎದೆನೋವಿಲ್ಲ.

ಇಂತಹ ಗರಣೆ ಸಾಮಾನ್ಯವಾಗಿ ಕಾಲಿನ ಆಳದ ಸಿರೆಗಳಲ್ಲಿ ಹುಟ್ಟಿ ಶ್ವಾಸಕೋಶಕ್ಕೆ ಸಾಗಿ ಬರುತ್ತದೆ. ಹಿಂದೆಯೇ ಮತ್ತೊಂದು ದೊಡ್ಡ ಗರಣೆ ಬಂದರೆ ಪ್ರಾಣವೇ ಹೋಗಬಹುದು. 1960ರಲ್ಲಿ ಇಂಗ್ಲೆಂಡಿನ ಬ್ಯಾರಿಟ್ ಮತ್ತು ಜೋರ್ಡಾನ್ ಎಂಬ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ, ಔಷಧ ಪಡೆಯದ 19 ರೋಗಿಗಳ ಪೈಕಿ 5 ಮಂದಿ ಗರಣೆಯಿಂದಲೇ ಮರಣ ಹೊಂದಿದರು. ಔಷಧ ಪಡೆದ 16 ಮಂದಿಯಲ್ಲಿ ಒಬ್ಬರೂ ಅದರಿಂದ ಸಾಯಲಿಲ್ಲ. ಆದರೆ ಅವರೆಲ್ಲರೂ ಲಕ್ಷಣಗಳಿಂದಲೇ ಗುರುತಿಸಲ್ಪಟ್ಟ ರೋಗಿಗಳು. ನರಳುತ್ತಿದ್ದವರಿಂದ ಕಲಿತ ನಿಯಮವನ್ನು ನರಳದವರಿಗೂ ವಿಚಾರಿಸದೆ ಅನ್ವಯಿಸಬಹುದೇ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವು ಜಠರದಲ್ಲಿ, ಮಿದುಳಿನಲ್ಲಿ ರಕ್ತಸ್ರಾವವನ್ನೂ ತರಬಲ್ಲದು. ವೃದ್ಧರಲ್ಲಿ ಈ ಭಯ ಹೆಚ್ಚು.

ಕ್ಯಾನ್ಸರ್ ಇರುವ ಹಿರಿಯರ ವಿಷಯದಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ಆ ರೋಗವೇ ಹೊಸ ಗರಣೆಗಳಿಗೆ ಕಾರಣವಾಗುವುದರಿಂದ, ಲಕ್ಷಣವಿಲ್ಲದಿದ್ದರೂ ಇದ್ದವರಂತೆಯೇ ಚಿಕಿತ್ಸಿಸಬೇಕೆಂಬುದು ಇಂದಿನ ವೈದ್ಯಕೀಯ ಮಾರ್ಗದರ್ಶನ. ಎರಡನೆಯವರ ಸ್ಥಿತಿ ಬೇರೆ. ಕಿರುಶಾಖೆಯ ಗರಣೆಯನ್ನು ಚಿತ್ರದಲ್ಲಿ ಗುರುತಿಸುವುದು ತಜ್ಞರಿಗೂ ಕಷ್ಟ. ಆದ್ದರಿಂದ ಮತ್ತೊಬ್ಬ ತಜ್ಞರು ಚಿತ್ರವನ್ನು ನೋಡುವುದು ಉಚಿತ. ಕಾಲುಗಳಲ್ಲಿ ಗರಣೆಯಿಲ್ಲದೆ, ಮರುಕಳಿಸುವ ಸಂಭವವೂ ಕಡಿಮೆಯಿದ್ದರೆ, ಔಷಧಕ್ಕಿಂತ ನಿಗಾವಣೆಯೇ ಲೇಸೆಂದು ಅಮೆರಿಕದ ಎದೆರೋಗ ತಜ್ಞರ ಸಂಘವು 2021ರಲ್ಲಿ ಸೂಚಿಸಿತು. 2011ರಿಂದ 2021ರವರೆಗೆ ನಡೆದ ಒಂದು ಅಧ್ಯಯನದಲ್ಲಿ, ಕ್ಯಾನ್ಸರ್ ಇಲ್ಲದ ಇಂತಹ 266 ಮಂದಿಯನ್ನು ಔಷಧವಿಲ್ಲದೆ ನೋಡಿಕೊಳ್ಳಲಾಯಿತು. 90 ದಿನಗಳಲ್ಲಿ 8 ಮಂದಿಗೆ ಮತ್ತೆ ಗರಣೆ ಕಂಡಿತು. ಅದರಿಂದ ಯಾರೂ ಸಾಯಲಿಲ್ಲ. ಆದರೆ ಎಂಟು ಎಂಬುದು ಸೊನ್ನೆಯಲ್ಲ. ಆ ರೋಗಿಗಳ ಕಾಲುಗಳನ್ನು ಒಂದು ವಾರದ ತರುವಾಯ ಪುನಃ ಪರೀಕ್ಷಿಸಲಾಗಿತ್ತೆಂಬುದನ್ನು ಮರೆಯಬಾರದು.

ನಮ್ಮ ಆಚಾರ್ಯರು ಶ್ರಾವಕನಿಗೆ ಅನರ್ಥದಂಡವಿರತಿಯನ್ನು ವಿಧಿಸಿದ್ದಾರೆ. ಪ್ರಯೋಜನವಿಲ್ಲದ ಹಿಂಸೆಯನ್ನು ತ್ಯಜಿಸುವುದೇ ಆ ವ್ರತ. ಕೇವಲ ಭಯದಿಂದ, ಕಂಡಿತೆಂಬ ಒಂದೇ ಕಾರಣಕ್ಕೆ, ವೃದ್ಧದೇಹವನ್ನು ರಕ್ತಸ್ರಾವದ ಅಪಾಯಕ್ಕೆ ಒಡ್ಡುವುದು ಅನರ್ಥದಂಡವಲ್ಲವೇ? ತತ್ತ್ವಾರ್ಥಸೂತ್ರವಾದರೋ ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಔಷಧ ಬೇಡವೆಂದು ಹೇಳಿ ರೋಗಿಯನ್ನು ಮರೆತುಬಿಟ್ಟರೆ ಅದು ಸಂಯಮವಲ್ಲ, ಪ್ರಮಾದ. ಸುಮ್ಮನಿರುವುದೂ ಒಂದು ಕ್ರಿಯೆಯೇ. ಅದಕ್ಕೂ ಎಚ್ಚರ ಬೇಕು.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಈ ಚಿಕಿತ್ಸೆಯಲ್ಲಿ ಬಳಸುವ ಹೆಪಾರಿನ್ ಚುಚ್ಚುಮದ್ದನ್ನು ಬಹುಮಟ್ಟಿಗೆ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಬ್ರಹ್ಮಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ನೃಪತುಂಗನ ಸಭೆಯಲ್ಲಿ, ಔಷಧಕ್ಕೆ ಮಾಂಸ ಅನಗತ್ಯವೆಂದು ಉಗ್ರಾದಿತ್ಯಾಚಾರ್ಯರು ವಾದಿಸಿದರೆಂದು ಅವರ ಕಲ್ಯಾಣಕಾರಕದಿಂದ ತಿಳಿಯುತ್ತದೆ. ಅವರ ಮಾರ್ಗ ಔಷಧದ ನಿರಾಕರಣೆಯಲ್ಲ, ನಿರ್ದೋಷ ಔಷಧದ ಅನ್ವೇಷಣೆ. ಇಂದು ಅಪಿಕ್ಸಬಾನ್, ರಿವರಾಕ್ಸಬಾನ್ ಎಂಬ ಸಂಶ್ಲೇಷಿತ ಮಾತ್ರೆಗಳಿವೆ. ಅವು ಎಲ್ಲ ರೋಗಿಗಳಿಗೂ ಒಗ್ಗುವುದಿಲ್ಲ. ಆದರೂ ವೈದ್ಯರನ್ನು ಕೇಳಬಹುದು, ಕೇಳಬೇಕು. ಹಾಗೆಂದು ತುರ್ತಿನ ವೇಳೆ ತಡಮಾಡುವುದು ಸಲ್ಲದು, ಅದೂ ಪ್ರಮಾದವೇ.

ಆದ್ದರಿಂದ ಇಂತಹ ವರದಿ ಕೈಗೆ ಬಂದಾಗ ಗರಣೆ ಇದೆಯೇ ಎಂಬಲ್ಲಿಗೆ ವಿಚಾರ ನಿಲ್ಲಬಾರದು. ಎಲ್ಲಿದೆ, ಯಾರಲ್ಲಿದೆ, ಔಷಧದಿಂದ ಒದಗುವ ಅಪಾಯವೆಷ್ಟು, ಕಾಯುವುದಾದರೆ ಕಾಯುವವರು ಯಾರು ಎಂದು ಕೇಳಬೇಕು. ಚಿತ್ರವು ಗರಣೆಯನ್ನು ತೋರಿಸಬಲ್ಲದು. ಮನುಷ್ಯನನ್ನು ನಾವೇ ನೋಡಬೇಕು.