ಅರ್ಧ ಪದಕ

ಟಸ್ಕನಿಗೆ ಹೋದವರು ಫ್ಲಾರೆನ್ಸಿನ ದೊಡ್ಡ ಗುಮ್ಮಟ ನೋಡದೆ ಬರುವುದಿಲ್ಲ. ನಾನೂ ಕತ್ತು ನೋಯುವಷ್ಟು ನೋಡಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಅದನ್ನು ಕಟ್ಟಿದ ಬ್ರುನೆಲೆಸ್ಕಿಯೇ 1419ರಲ್ಲಿ ಆರಂಭಿಸಿದ ಇನ್ನೊಂದು ಕಟ್ಟಡ, ತೊರೆದ ಶಿಶುಗಳ ಆಶ್ರಯ. ಹಣ ರೇಷ್ಮೆ ವರ್ತಕರ ಸಂಘದ್ದು. 1445ರ ಫೆಬ್ರವರಿಯಲ್ಲಿ ಬಂದ ಮೊದಲ ಕೂಸು ಹೆಣ್ಣು. ಅಗಾತ ಎಂದು ಹೆಸರಿಟ್ಟರು.

ಒಳಗಿನ ಸಂಗ್ರಹಾಲಯದಲ್ಲಿ ಸಾಲು ಸಾಲು ಪುಟ್ಟ ಡ್ರಾಯರುಗಳು. ಅವುಗಳಲ್ಲಿ 19ನೇ ಶತಮಾನದ ಕೂಸುಗಳೊಂದಿಗೆ ಬಂದ ಗುರುತುಗಳು: ಅರ್ಧಕ್ಕೆ ತುಂಡರಿಸಿದ ಪದಕ, ಮಣಿ, ಇಂಥವು. ಉಳಿದರ್ಧ ಹೆತ್ತವರ ಬಳಿ, ಎಂದಾದರೂ ಹುಡುಕಿಕೊಂಡು ಬಂದರೆ ಇರಲಿ ಎಂದು.

"ಹೆತ್ತ ಕೂಸನ್ನು ಬಿಟ್ಟುಹೋದವಳನ್ನು ತಾಯಿ ಅಂತಾರಾ?" ಎಂದರು ಜೊತೆಗೆ ಬಂದಿದ್ದ ನಮ್ಮೂರಿನ ಹಿರಿಯರೊಬ್ಬಾಕೆ. ಈ ಪ್ರಶ್ನೆ ಹೆಂಗಸರ ಬಾಯಿಂದಲೇ ಮೊದಲು ಬರುತ್ತದೆ, ನೋಡಿ. ಆರಂಭದ ವರ್ಷಗಳಲ್ಲಿ ಅಲ್ಲಿಗೆ ಬಂದ ಶಿಶುಗಳಲ್ಲಿ ಬಹಳಷ್ಟು ಸಿರಿವಂತರ ಮನೆಯ ಆಳುಹೆಂಗಸರ, ಗುಲಾಮ ಹೆಂಗಸರ ಮಕ್ಕಳು. ಎಷ್ಟೋ ಸಲ ತಂದೆ ಆ ಮನೆಯ ಯಜಮಾನನೇ. ಮಗು ಇಲ್ಲಿಗೆ, ತಾಯಿಯ ಎದೆಹಾಲು ಇನ್ನೊಬ್ಬರ ಮಗುವಿಗೆ. ಬಿಟ್ಟವಳು ಅವಳು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಹೆಸರು ಕೇಳದೆ ಕೂಸನ್ನು ಒಳಗೆ ತೆಗೆದುಕೊಳ್ಳುತ್ತಿದ್ದ ಕಿಟಕಿ 1875ರಲ್ಲಿ ಮುಚ್ಚಿತು. ಕೇಳದಿರುವುದು ದಯೆ, ಒಪ್ಪುತ್ತೇನೆ. ಆ ಕಿಟಕಿ ಇಲ್ಲದಿದ್ದರೆ ಆ ಕೂಸುಗಳ ಗತಿ ಏನಾಗುತ್ತಿತ್ತೋ. ಆದರೆ ತಾಯಿಯ ಮಾನ ಉಳಿಸಿದ ಆ ಮೌನ ಯಜಮಾನನ ಮಾನವನ್ನೂ ಉಳಿಸಿತಲ್ಲ! ಅವನಿಗೂ ದಯೆ ಸಲ್ಲಬೇಕಿತ್ತೆ?

ಆಕೆಗೆ ಇಷ್ಟನ್ನೂ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು ಕೇಳಿದರು: "ಮನೆಯ ಯಜಮಾನಿಗೆ ಗೊತ್ತಿರುತ್ತಿರಲಿಲ್ಲವೇನಮ್ಮ?"