ಬೇಡುವುದು ಯಾರಲ್ಲಿ?

ಕ್ರೈಸ್ತ ಉಪದೇಶಕರ ತರಬೇತಿ ಕಾಲೇಜೊಂದರಲ್ಲಿ ಕೆಲವು ವರ್ಷ ಉಪಾಧ್ಯಾಯನಾಗಿದ್ದೆ. ಹಣದ ಅಡಚಣೆಯನ್ನು ದೇವರಿಗಲ್ಲದೆ ಮನುಷ್ಯರಿಗೆ ಹೇಳಬಾರದೆಂಬುದು ಅಲ್ಲಿಯ ನಿಯಮ. 1836ರಲ್ಲಿ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯ ತೆರೆದು, ಯಾರೊಬ್ಬರನ್ನೂ ಹಣ ಬೇಡದೆ ನಡೆಸಿದ ಜಾರ್ಜ್ ಮುಲ್ಲರ್ ನಮಗೆ ಮೇಲ್ಪಂಕ್ತಿ.

ಒಂದು ತಿಂಗಳ ಕೊನೆಗೆ ಉಗ್ರಾಣ ಬರಿದಾಯಿತು. ಅಡಿಗೆಯವನಿಗೆ ಸಂಬಳ ಸಂದಿರಲಿಲ್ಲ. ಅಂದಿನ ಪ್ರಾರ್ಥನೆಗೆ ಊರಿನ ಧನಿಕರೊಬ್ಬರು ಬಂದಿದ್ದರು. ನಾನು ಎದ್ದು ನಿಂತು, ಅಕ್ಕಿ ಇಷ್ಟು ಬೇಕು, ಸಾಲ ಇಷ್ಟಿದೆ ಎಂದು ದೇವರಿಗೆ ಗಟ್ಟಿಯಾಗಿ ಲೆಕ್ಕ ಒಪ್ಪಿಸಿದೆ. ಮರುದಿನ ಅಕ್ಕಿಮೂಟೆ ಬಂತು. ಎಲ್ಲರೂ ದೇವರನ್ನು ಕೊಂಡಾಡಿದರು. ನನಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕಣ್ಣು ಮುಚ್ಚಿದ್ದೆ, ನಿಜ. ಕೈ ಚಾಚಿದ್ದು ಯಾರತ್ತ?

ಮುಲ್ಲರನ ವಾರ್ಷಿಕ ವರದಿಗಳೂ ಒಂದು ಬಗೆಯ ಬೇಡಿಕೆಯೇ ಎಂದು ವಾದಿಸಬಹುದು. ಆದರೆ 1841ರಲ್ಲಿ ಕೈ ಬರಿದಾದಾಗ ಅವನು ವರದಿಯನ್ನೇ ತಡೆದಿಟ್ಟ. ಆ ಸಂಯಮ ನನ್ನಲ್ಲಿರಲಿಲ್ಲ.

ಸಂಜೆ ಅಡಿಗೆಯವನು, "ಸ್ವಾಮಿ, ದೇವರಿಗೆ ಹೇಳಿದ್ದನ್ನು ನನಗೂ ಒಂದು ಮಾತು ಹೇಳಬಹುದಿತ್ತು. ಮನೆಯಲ್ಲಿ ಹೇಗೋ ಸರಿಮಾಡುತ್ತಿದ್ದೆ" ಎಂದ. ನನ್ನ ಹಸಿವನ್ನು ನಾನು ದೇವರಿಗೆ ಒಪ್ಪಿಸಬಹುದು. ಮತ್ತೊಬ್ಬನ ಕೂಲಿಯನ್ನು ಅವನ ಒಪ್ಪಿಗೆಯಿಲ್ಲದೆ ಒಪ್ಪಿಸಲು ನನಗೇನು ಅಧಿಕಾರ?

ಧನಿಕರ ಮನೆಗೆ ಹೋಗಿ, "ನಿನ್ನೆಯ ಪ್ರಾರ್ಥನೆ ನಿಮ್ಮ ಕಿವಿಗೂ ಆಗಿತ್ತು" ಎಂದೆ. ಅವರು ನಕ್ಕು, "ಗೊತ್ತಿತ್ತು" ಎಂದರು.

ಈಗಲೂ ಪ್ರಾರ್ಥಿಸುತ್ತೇನೆ. ಮನುಷ್ಯನನ್ನು ಕೇಳಬೇಕಾದಾಗ ಕಣ್ಣು ತೆರೆದು, ಹೆಸರು ಹಿಡಿದು ಕೇಳುತ್ತೇನೆ. ಸತ್ಯವನ್ನು ಹೇಳಿ, ಮುಂದಿನದನ್ನು ಅವನಿಗೆ ಬಿಡುವುದೇ ದೇವರಲ್ಲಿಡುವ ನಂಬಿಕೆ ಎಂದು ನನಗೆ ತೋರುತ್ತದೆ.